ಯಾವ ಕಂಪನಿ ಗಾಡಿ ಅಂತ ಕೇಳಿದವರಿಗೆ

ನನ್ನ ಮೊಮ್ಮಗನ ಹೆಸರು ಮೈಕಿನಲ್ಲಿ ಎರಡು ಸಲ ಬಂತು! ಒಂದು ಸಲ ಗಾಡಿ ಓಡಿಸಿದವನು ಅಂತ, ಇನ್ನೊಂದು ಸಲ ಗಾಡಿ ಮಾಡಿದವನು ಅಂತ. ಕಾಲು ಮೈಲಿ ಬೈಕ್ ಓಟದಲ್ಲಿ ಅವನು ಎರಡನೆಯವನಾಗಿ ಬಂದ. ಮೊದಲು ಬಂದದ್ದು ಕಂಪನಿ ಗಾಡಿ. ಅದನ್ನು ಮಾಡಿದವರು ಯಾರೋ, ಎಲ್ಲಿದ್ದಾರೋ, ಅವರ ಹೆಸರನ್ನು ಯಾರೂ ಕೂಗಲಿಲ್ಲ. ನನ್ನ ಮೊಮ್ಮಗನ ಹೆಸರು ಕೂಗಿದರು. ಎರಡು ಸಲ.

ಆ ಭಾನುವಾರ ತುಮಕೂರಿನಿಂದ ಚೇಳೂರಿಗೆ ಬರುವ ದಾರಿಯುದ್ದಕ್ಕೂ ಕಂಡಕಂಡವರಿಗೆ ಇದನ್ನೇ ಹೇಳಿದೆ. ಗುಬ್ಬಿಯಲ್ಲಿ ಟೆಂಪೋ ನಿಂತಾಗ ಸೌತೆಕಾಯಿ ಮಾರುವವಳಿಗೂ ಹೇಳಿದೆ. ಅವಳು ಉಪ್ಪುಖಾರ ಸವರುತ್ತಾ, "ಒಳ್ಳೇದಾಯ್ತು ಬುಡವ್ವ. ಯಾವ್ ಕಂಪ್ನಿ ಗಾಡಿ?" ಅಂದಳು.

ಅಷ್ಟು ಸಂತೋಷದಲ್ಲೂ ನನಗೆ ರೇಗಿತು. ಈಗ ಇಷ್ಟು ವರ್ಷದ ಮೇಲೆ ಕೂತು ಬರೆಯುತ್ತಿರುವುದೂ ಅರ್ಧ ಆ ಸಂತೋಷಕ್ಕೆ, ಅರ್ಧ ಆ ರೇಗಿಗೆ.

ಯಾವ ಕಂಪನಿ, ಯಾವ ಕಂಪನಿ, ಯಾವ ಕಂಪನಿ. ಆ ಗಾಡಿ ಹುಟ್ಟಿದ ದಿನದಿಂದ ಈ ಒಂದು ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಹೆಂಗಸು ದೋಸೆ ಹುಯ್ದು ಕೊಟ್ಟರೆ ಯಾವ ಕಂಪನಿ ದೋಸೆ ಅಂತ ಕೇಳುತ್ತೀರಾ? ಕುಂಬಾರ ಮಡಕೆ ಮಾಡಿದರೆ ಕೇಳುತ್ತೀರಾ? ಕಬ್ಬಿಣಕ್ಕೆ ಮಾತ್ರ ಅದೇನು ದೊಡ್ಡಸ್ತಿಕೆ? ಇಬ್ಬರು ಹೆತ್ತವರಿಗೆ ಹುಟ್ಟಿ ಬೆಳೆದ ಹುಡುಗ ಎರಡು ಕೈಯಲ್ಲಿ ಒಂದು ಗಾಡಿ ಮಾಡಬಾರದು ಅಂತ ಯಾವ ಶಾಸ್ತ್ರದಲ್ಲಿದೆ?

ನಾನು ಓದಿದ್ದು ಎರಡನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ಕುರಿ ಹಿಂದೆ. ನನಗೆ ಅಕ್ಷರ ಕೂಡಿಸಿ ಓದುವುದಕ್ಕೆ ಬಂದದ್ದು ಕುದುರೆ ಲಾಯದಲ್ಲಿ. ನಮ್ಮ ಕುಣಿಗಲ್ ಅಂದರೆ ಎಲ್ಲರೂ ಅಲ್ಲಿನ ದೊಡ್ಡ ಕುದುರೆ ಫಾರಂ ಅಂದುಕೊಳ್ಳುತ್ತಾರೆ. ನಾವಿದ್ದದ್ದು ಅಲ್ಲಲ್ಲ. ಊರಾಚೆ ಒಬ್ಬ ಧಣಿ ಇಟ್ಟುಕೊಂಡಿದ್ದ ಸಣ್ಣ ಲಾಯದಲ್ಲಿ; ಈಗ ಅದು ಇಲ್ಲ. ನಾನು ಅಲ್ಲಿ ಕುದುರೆ ಮೆಂತ್ಯದ ಸೊಪ್ಪು ಕೊಯ್ದು ಹಾಕುತ್ತಿದ್ದೆ. ನಮ್ಮ ಯಜಮಾನರು ಮರಿಗಳನ್ನು ನೋಡಿಕೊಳ್ಳುತ್ತಿದ್ದರು. ಮೇವು ಅದಲುಬದಲಾಗದಿರಲಿ ಅಂತ ಅಲ್ಲಿನ ರೈಟರು ಪ್ರತಿ ಕೊಟ್ಟಿಗೆಯ ಬಾಗಿಲಿಗೂ ಒಂದು ಕರಿಹಲಗೆ ತೂಗುಹಾಕಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದರು. ಮರಿಯ ಹೆಸರು. ಅಪ್ಪ. ತಾಯಿ. ಮೈಗುರುತು. ಎಲ್ಲಕ್ಕಿಂತ ಕೆಳಗೆ: ನೋಡಿಕೊಳ್ಳುವವರು.

ಆ ಕೊನೆಯ ಸಾಲಿನಲ್ಲಿ ನಮ್ಮ ಯಜಮಾನರ ಹೆಸರಿರುತ್ತಿತ್ತು. ನಾನು ಸೊಪ್ಪಿನ ಹೊರೆ ಹೊತ್ತು ಬಾಗಿಲಿಂದ ಬಾಗಿಲಿಗೆ ಹೋಗುತ್ತಾ ಆ ಹೆಸರಿನಿಂದಲೇ ಅಕ್ಷರ ಕಲಿತೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅಂತಿದ್ದ ಕಾಲ. ಓದಬಾರದು ಅಂತ ಯಾರೂ ಹೇಳಿರಲಿಲ್ಲವಲ್ಲ.

ಅವರು ಬೆಳೆಸಿದ ಮರಿಗಳು ದೊಡ್ಡ ದೊಡ್ಡ ಊರಿನ ರೇಸಿನಲ್ಲಿ ಗೆದ್ದವು. ಪೇಪರಿನಲ್ಲಿ ಧಣಿಯ ಹೆಸರು ಬರುತ್ತಿತ್ತು, ಓಡಿಸಿದವನ ಹೆಸರು ಬರುತ್ತಿತ್ತು, ತಾಲೀಮು ಕೊಟ್ಟವನ ಹೆಸರು ಬರುತ್ತಿತ್ತು. ಕಾಲು ಮುರಿಯುವ ಹಾಗಿದ್ದ ಮರಿಗೆ ಪಟ್ಟಿ ಕಟ್ಟಿ, ಬೆಲ್ಲ ತಿನ್ನಿಸಿ, ಎಬ್ಬಿಸಿ ನಿಲ್ಲಿಸಿದವರ ಹೆಸರು ಎಲ್ಲಿ? ಮರಿ ಮಾರಾಟವಾದ ದಿನ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದರು. ಆ ಕೆಲಸವನ್ನು ನನಗೇ ಹೇಳುತ್ತಿದ್ದರು. ನನ್ನ ಗಂಡನ ಹೆಸರನ್ನು ನಾನೇ ಎಷ್ಟು ಸಲ ಒರೆಸಿದ್ದೇನೋ, ಲೆಕ್ಕ ಇಟ್ಟಿಲ್ಲ. ಯಜಮಾನರು, "ಮುಂದಿನ್ ಮರಿಗೆ ಬರೀತಾರೆ ಬುಡು" ಅನ್ನುತ್ತಿದ್ದರು. ನನಗೆ ಮಾತ್ರ ಹೊಟ್ಟೆಯಲ್ಲಿ ಕೆಂಡ.

ಇಂಥವರ ಮೊಮ್ಮಗ ಅವನು. ನನ್ನ ಒಬ್ಬಳೇ ಮಗಳನ್ನು ಗುಬ್ಬಿ ತಾಲ್ಲೂಕು ಚೇಳೂರಿಗೆ ಕೊಟ್ಟಿದ್ದೆವು. ತೆಂಗಿನ ತೋಟದವರು. ಮೊಮ್ಮಗ ಬೇಸಿಗೆ ರಜಕ್ಕೆ ಕುಣಿಗಲ್ಲಿಗೆ ಬಂದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಎಂಟು ವರ್ಷಕ್ಕೇ ಬ್ರೇಕಿಲ್ಲದ ಸೈಕಲ್ಲಿನಲ್ಲಿ ಕೆರೆ ಏರಿಯ ಇಳಿಜಾರಿನಿಂದ ಕೈ ಬಿಟ್ಟುಕೊಂಡು ಬಂದು ಹುಲ್ಲಿನ ಬಣವೆಗೆ ಗುದ್ದಿದ. ಹೆಗಲಿನ ಎಲುಬು ಮುರಿಯಿತು. ಪಟ್ಟಿ ಬಿಚ್ಚಿದ ಮಾರನೇ ದಿನ ಅದೇ ಏರಿ, ಅದೇ ಸೈಕಲ್ಲು, ಅದೇ ಬಣವೆ. ನಾನು ಬೆತ್ತ ಹಿಡಿದು ನಿಂತಿದ್ದೆ. ತಾತ ನನ್ನನ್ನು ತಡೆದು ಹುಡುಗನಿಗೆ ಹೇಳಿದ್ದು ಇಷ್ಟೇ: "ಏನ್ಲಾ, ಬೀಳೋದಾದ್ರೆ ಸರಿಯಾಗಿ ಕೂತ್ಕಂಡು ಬೀಳು. ಕುದ್ರೆ ಮೊದಲ್ ನೆಗೆತ ನೆಗೆಯೋವಾಗ ಹಿಂದಕ್ಕೆ ವಾಲ್ದವ್ನು ಕೆಟ್ಟ. ಮುಂದಕ್ಕೆ ಬಾಗು. ಅದರ ಕಿವೀಲಿ ಗುಟ್ಟು ಹೇಳೋ ಹಂಗೆ ಬಾಗು."

ಆ ಹುಡುಗ ಇದನ್ನು ಮರೆಯಲಿಲ್ಲ. ತಾತ ತೀರಿಕೊಂಡ ಮೇಲೂ ಮರೆಯಲಿಲ್ಲ.

ಐಟಿಐ ಮುಗಿಸಿ ತುಮಕೂರಿನ ಸತ್ಯಮಂಗಲದಲ್ಲಿ ಒಂದು ವೆಲ್ಡಿಂಗ್ ಶೆಡ್ಡಿಗೆ ಸೇರಿದ. ಶೆಡ್ಡಿನ ಮಾಲೀಕನೇ ಪಕ್ಕದಲ್ಲಿ ಗ್ಯಾರೇಜೂ ಇಟ್ಟಿದ್ದ. ಕೆಲಸ ಮುಗಿದ ಮೇಲೆ, ರಜದ ದಿನ, ಊಟದ ಹೊತ್ತಿನಲ್ಲಿ ಮೊಮ್ಮಗ ತನ್ನ ಗಾಡಿ ಕಟ್ಟಿದ. ಎರಡು ವರ್ಷ ಹಿಡಿಯಿತು. ಎಂಜಿನ್ನು ಗುಜರಿಯದು, ಹಾಲು ಹಾಕುವವರು ಓಡಿಸಿ ಓಡಿಸಿ ಬಿಸಾಕಿದ್ದ ಹಳೇ ಬೈಕಿನದು. ಚಾಸಿಗೆ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ತುಂಡು ಪೈಪುಗಳನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದ. ಪೆಟ್ರೋಲ್ ಟ್ಯಾಂಕು, ಅಡಿಕೆಗೆ ಔಷಧಿ ಹೊಡೆಯುವ ಯಂತ್ರದ್ದು. ಸೀಟಿಗೆ ಏನು ಹಾಕಲಿ ಅಂತ ಯೋಚಿಸುತ್ತಿದ್ದಾಗ ಅಟ್ಟದ ಮೇಲಿಟ್ಟಿದ್ದ ತಾತನ ಹಳೇ ಜೀನಿನ ಚರ್ಮ ಬಿಚ್ಚಿ ಕೊಟ್ಟೆ. ಅದಕ್ಕೆ ಹರಳೆಣ್ಣೆ ಸವರಿ ಮೆತ್ತಗೆ ಮಾಡಿದವಳೂ ನಾನೇ.

ನನ್ನ ಅಳಿಯ ಆ ಗಾಡಿ ನೋಡಿ ಕೈ ಮುಗಿದ. "ಮಗ, ನಿಂಗೆ ಕಂಪ್ನಿ ಗಾಡಿ ಕೊಡಿಸ್ತೀನಿ ಕಣೋ. ಇದನ್ನ ತಿಪ್ಪೆಗ್ ಹಾಕು. ಊರ್ನೋರು ಔಷ್ದಿ ಹೊಡೆಯೋಕ್ ಹೊಂಟಾ ಅಂತವ್ರೆ."

"ಹೊಡೆಯೋಕೇ ಹೊಂಟಿರೋದು ಕಣಪ್ಪ. ಮುಂದ್ ಹೋಗೋರ್ನ," ಅಂದ ಮೊಮ್ಮಗ.

ಒಂದು ದಿನ ಗುಬ್ಬಿ ರಸ್ತೆಯಲ್ಲಿ ಅದನ್ನು ಓಡಿಸಿ ನೋಡಲು ಹೋಗಿ ಪೊಲೀಸರ ಕೈಗೆ ಸಿಕ್ಕಿದ. ನಂಬರಿಲ್ಲದ ಗಾಡಿ ರಸ್ತೆಗೆ ತಂದದ್ದು ತಪ್ಪು, ಒಪ್ಪುತ್ತೇನೆ. ಯಾರಿಗಾದರೂ ಗುದ್ದಿದ್ದರೆ? ಅದಕ್ಕೆ ದಂಡ ಹಾಕಲಿ, ಗಾಡಿ ಇಟ್ಟುಕೊಳ್ಳಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಪೇದೆ ಕೇಳಿದ್ದು ಏನು?

"ಯಾವ್ ಕಂಪ್ನಿದೋ ಇದು?"

"ನಾನೇ ಮಾಡಿದ್ದು ಸಾರ್."

"ಮಾಡಿದ್ದಾ, ಎತ್ತಿದ್ದಾ?"

ಕಂಪನಿ ಹೆಸರಿಲ್ಲ ಅಂದರೆ ಕದ್ದದ್ದೇ! ಕದ್ದವನಾದರೆ ಕಂಪನಿ ಹೆಸರಿರುವ ಗಾಡಿ ಕದಿಯುತ್ತಿರಲಿಲ್ಲವೇನಪ್ಪ? ಔಷಧಿ ಡಬ್ಬ ಕಟ್ಟಿದ ಗಾಡಿ ಯಾವ ಮನೆಯ ಮುಂದೆ ನಿಂತಿರುತ್ತೆ ಕದಿಯಲಿಕ್ಕೆ? ನಾನು ಕುಣಿಗಲ್ಲಿನಿಂದ ಎರಡು ಬಸ್ಸು ಬದಲಾಯಿಸಿ ಬರುವ ಹೊತ್ತಿಗೆ ಹುಡುಗ ಸ್ಟೇಷನ್ನಿನ ಬೆಂಚಿನ ತುದಿಯಲ್ಲಿ ತಲೆ ಬಗ್ಗಿಸಿ ಕೂತಿದ್ದ. ನಾನು ಪೇದೆಯ ಮುಂದೆ ನಿಂತು ಆ ಸೀಟು ಯಾರ ಜೀನಿನದು, ಆ ಟ್ಯಾಂಕು ಯಾರ ತೋಟದ್ದು, ಎಲ್ಲ ಒಂದೊಂದಾಗಿ ಹೇಳಿದೆ. ಕೊನೆಗೆ ಅವರಿಗೂ ಸಾಕಾಯಿತು. "ಕರ್ಕೊಂಡೋಗವ್ವ. ರೋಡಿಗ್ ಮಾತ್ರ ತರ್ಬೇಡ," ಅಂದರು. ಅವತ್ತಿನಿಂದ ಮೊಮ್ಮಗ ರಸ್ತೆಗೆ ತರಲಿಲ್ಲ. ಮಾತು ಅಂದರೆ ಮಾತು.

ಆದರೆ ಓಡದ ಕುದುರೆ ಕೊಟ್ಟಿಗೆಯಲ್ಲೇ ಕೆಡುತ್ತೆ. ತುಮಕೂರಿನ ಹೊರಗೆ ಕಾರ್ಖಾನೆಗಳಿಗೆ ಅಂತ ಹೊಸದಾಗಿ ಒಂದು ಬಡಾವಣೆ ಮಾಡಿದ್ದರು. ಕಾರ್ಖಾನೆ ಒಂದೂ ಬಂದಿರಲಿಲ್ಲ, ಗೆರೆ ಎಳೆದ ಹಾಗೆ ನೆಟ್ಟಗಿನ ರಸ್ತೆ ಮಾತ್ರ ಇತ್ತು. ಅಲ್ಲಿ ಅನುಮತಿ ತೆಗೆದುಕೊಂಡು, ಹಗ್ಗ ಕಟ್ಟಿ, ಆಂಬುಲೆನ್ಸ್ ನಿಲ್ಲಿಸಿ ವರ್ಷಕ್ಕೊಂದು ಸಲ ಡ್ರ್ಯಾಗ್ ರೇಸ್ ಮಾಡುತ್ತಿದ್ದರು. ಇಬ್ಬರಿಬ್ಬರೇ ಗೆರೆಯ ಮೇಲೆ ನಿಲ್ಲುವುದು, ಬಾವುಟ ಇಳಿಸಿದರೆ ಕಾಲು ಮೈಲಿ ಹಾರುವುದು, ಅಷ್ಟೇ. ನಮ್ಮ ಮನೆಯಿಂದ ಹಾಲಿನ ಡೈರಿಗೆ ಇರುವಷ್ಟು ದೂರ. ನಾನು ಚೊಂಬು ಹಿಡಿದು ಹೋಗಿಬರುವುದರಲ್ಲಿ ಇವರು ಇಪ್ಪತ್ತು ರೇಸ್ ಮುಗಿಸುತ್ತಾರೆ.

ಮೊದಲ ವರ್ಷ ಮೊಮ್ಮಗ ಎರಡು ಸುತ್ತು ಗೆದ್ದ. ಮಾರನೇ ದಿನ ಪೇಪರಿನಲ್ಲಿ ಫೋಟೋ ಬಂತು. ನಾನು ಬೆರಳಿಟ್ಟು ಓದಿದೆ. ಗ್ಯಾರೇಜಿನ ಹೆಸರಿತ್ತು. ಮಾಲೀಕನ ಹೆಸರಿತ್ತು. "ತಾವೇ ತಯಾರಿಸಿದ ಬೈಕ್" ಅಂತ ಅವನ ಬಾಯಿಂದ ಬಂದ ಮಾತಿತ್ತು. ನನ್ನ ಮೊಮ್ಮಗ "ಗ್ಯಾರೇಜಿನ ಹುಡುಗ". ಫೋಟೋದಲ್ಲಿ ಟ್ಯಾಂಕಿನ ಮೇಲೆ ಗ್ಯಾರೇಜಿನದೇ ಅಂಗೈಯಷ್ಟು ದೊಡ್ಡ ಸ್ಟಿಕ್ಕರ್. ಓಟಕ್ಕೆ ಮುಂಚೆ ಮಾಲೀಕನೇ ಬಂದು ಅಂಟಿಸಿದ್ದನಂತೆ, ಹುಡುಗ ಸಂಕೋಚಕ್ಕೆ ಸುಮ್ಮನಿದ್ದನಂತೆ.

ಒದ್ದೆ ಬಟ್ಟೆ ನನ್ನ ಕೈಗೆ ಮತ್ತೆ ಬಂದ ಹಾಗಾಯಿತು.

ಸತ್ಯಮಂಗಲಕ್ಕೆ ಹೋಗಿ ಮಾಲೀಕನನ್ನೇ ಕೇಳಿದೆ. ಅವನು ಟೀ ತರಿಸಿದ. ಟೀ ಕುಡಿಯಲಿಲ್ಲ ನಾನು.

"ನೋಡಜ್ಜಿ, ಜಾಗ ನಂದು, ವೆಲ್ಡಿಂಗ್ ಮಿಷಿನ್ ನಂದು, ಕರೆಂಟ್ ನಂದು. ಹುಡುಗ್ರಿಗ್ಯಾಕಜ್ಜಿ ಹೆಸ್ರು?"

"ಲಾಯ ಧಣೀದು ಅಂತ ಮರಿಗೆ ಧಣಿ ಅಪ್ಪ ಆಯ್ತಾನೇನಪ್ಪ?" ಅಂದೆ.

ಶೆಡ್ಡಿನಲ್ಲಿದ್ದವರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮಾಲೀಕ ಕೆಂಪಗಾದ. ಮೊಮ್ಮಗ ನನ್ನ ಸೆರಗು ಹಿಡಿದು ಹೊರಗೆ ಕರೆದುಕೊಂಡು ಬಂದು, "ಅಜ್ಜಿ, ನಂಗಿಲ್ಲಿ ಕೆಲ್ಸ ಬೇಕು ಕಣಜ್ಜಿ," ಅಂದ. ಆಮೇಲೆ, "ಆದ್ರೆ ಮುಂದಿನ್ ಸಲ ಗಾಡಿ ನನ್ ಹೆಸ್ರಲ್ಲೇ ಬಿಡ್ತೀನಿ. ಇಲ್ಲಾಂದ್ರೆ ಬಿಡಾದೇ ಇಲ್ಲ. ತಾತನ್ ಮೇಲಾಣೆ," ಅಂದ. ಅವತ್ತೇ ಗಾಡಿಯನ್ನು ಟೆಂಪೋದಲ್ಲಿ ಹಾಕಿ ಚೇಳೂರಿನ ಕಾಯಿ ಶೆಡ್ಡಿಗೆ ಸಾಗಿಸಿದ. ಅಳಿಯ ಗೊಣಗಿಕೊಂಡೇ ಒಂದು ಮೂಲೆ ಬಿಟ್ಟುಕೊಟ್ಟ.

ಹೀಗೆ ಮುಂದಿನ ವರ್ಷದ ಆ ಭಾನುವಾರ ಬಂತು. ಬೆಳಗ್ಗೆಯೇ ನಾನು, ಮಗಳು, ಅಳಿಯ, ಮೊಮ್ಮಗ, ಗಾಡಿ, ಎಲ್ಲ ಒಂದೇ ಟೆಂಪೋದಲ್ಲಿ ತುಮಕೂರಿಗೆ ಬಂದೆವು. ಶಾಮಿಯಾನದ ಕೆಳಗೆ ಮೇಜಿಟ್ಟುಕೊಂಡು ಒಬ್ಬ ಹೆಸರು ಬರೆದುಕೊಳ್ಳುತ್ತಿದ್ದ. ತಲೆ ಎತ್ತದೆ ಕೇಳಿದ:

"ಕಂಪ್ನಿ?"

"ಇಲ್ಲ. ನಾನೇ ಮಾಡಿದ್ದು."

"ಹಂಗೆಲ್ಲ ಬರಲ್ಲ. ಕಂಪ್ನಿ ಇಲ್ಲಾಂದ್ರೆ ಗ್ಯಾರೇಜ್ ಹೆಸ್ರಾದ್ರೂ ಬೇಕು. ಫಾರಂನಲ್ಲಿ ಆ ಮನೆ ಖಾಲಿ ಬಿಡಂಗಿಲ್ಲ."

ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಚಾಚಿ ಬಂತು. ಮಾಲೀಕ! ಶರ್ಟಿನ ಜೇಬಿನಲ್ಲಿ ಸ್ಟಿಕ್ಕರ್ ಸುರುಳಿ ಇಣುಕುತ್ತಿತ್ತು. "ನಮ್ ಗ್ಯಾರೇಜ್ ಹಾಕ್ಕಳಿ ಸಾರ್. ನಮ್ದೇ ಗಾಡಿ. ಹೋದ್ ವರ್ಷ ಪೇಪರ್ನಾಗೂ ಬಂದದೆ."

ಮೊಮ್ಮಗನ ಮುಖ ನೋಡಿದೆ. ಪೊಲೀಸ್ ಬೆಂಚಿನ ತುದಿಯಲ್ಲಿ ಕೂತಿದ್ದಾಗ ಇದ್ದ ಮುಖ. "ಹಂಗಾದ್ರೆ ಹೆಸ್ರು ಹೊಡ್ದಾಕಿ ಸಾರ್. ನಾನ್ ಓಡ್ಸಲ್ಲ," ಅಂದುಬಿಟ್ಟ. ಅಂದವನೇ ಗಾಡಿಯ ಹತ್ತಿರ ಹೋಗಿ ಹಗ್ಗ ಕಟ್ಟಲು ಶುರುಮಾಡಿದ, ವಾಪಸ್ ಟೆಂಪೋ ಹತ್ತಿಸುವುದಕ್ಕೆ. ಎರಡು ವರ್ಷದ ಕೆಲಸ!

"ಬೇರೆ ದಾರಿನೇ ಇಲ್ವೇನಪ್ಪ?" ಅಂದೆ ಮೇಜಿನವನಿಗೆ.

ಅವನು ನನ್ನನ್ನು ಸಾಗಹಾಕಲಿಕ್ಕೇ ಅಂದದ್ದು. "ಗಾಡಿ ವಿವರ ಬರ್ದ್ಕೊಡಿ ಅಜ್ಜಿ. ಚೆಕ್ ಮಾಡೋರು ಒಪ್ಪಿದ್ರೆ ನಂದೇನಿಲ್ಲ," ಅಂತ ಒಂದು ಬಿಳಿ ಹಾಳೆ ತಳ್ಳಿದ.

ವಿವರ ಅಂದರೆ ನನಗೆ ಗೊತ್ತಿದ್ದದ್ದು ಒಂದೇ ಥರ. ಚಕ್ರ ಎಷ್ಟು ಇಂಚು, ಎಂಜಿನ್ ಎಷ್ಟು ಸಿಸಿ ಅಂತ ಬರೆಯಬೇಕು ಅನ್ನುವುದು ಆಮೇಲೆ ತಿಳಿಯಿತು. ನಾನು ಮೇಜಿನ ತುದಿಗೆ ಬಗ್ಗಿ ಲಾಯದ ಹಲಗೆ ಬರೆದೆ.

ಹೆಸರು: ಇನ್ನೂ ಇಟ್ಟಿಲ್ಲ.
ಅಪ್ಪ: ಹಾಲಿನವರ ಬೈಕಿನ ಎಂಜಿನ್ನು, ಗುಜರಿಯಿಂದ ತಂದದ್ದು.
ತಾಯಿ: ಪೈಪು ಕಾಯಿಸಿ ಬಗ್ಗಿಸಿದ ಚಾಸಿ. ಎಲ್ಲ ಹೊತ್ತಿರುವುದು ಅವಳೇ.
ಮೈಗುರುತು: ಔಷಧಿ ಹೊಡೆಯುವ ಟ್ಯಾಂಕು, ಬಲಗಡೆ ನೆಗ್ಗಿದೆ. ಸೀಟು ತಾತನ ಜೀನು, ಒಳಗಡೆ ಮೂರು ಹೊಲಿಗೆ.
ನೋಡಿಕೊಳ್ಳುವವರು:

ಇಲ್ಲಿ ಮೊಮ್ಮಗನ ಹೆಸರು ಬರೆದೆ. ದಪ್ಪಗೆ, ಎರಡೆರಡು ಸಲ ತಿದ್ದಿ ಬರೆದೆ.

ಮೇಜಿನವನು ಓದಿ ನಗಲು ಶುರುಮಾಡಿದ. ಪಕ್ಕದವನಿಗೂ ತೋರಿಸಿದ. "ಅಪ್ಪ ಅಂತೆ, ತಾಯಿ ಅಂತೆ! ಜಾತಕ ಬರ್ದವ್ರೆ ಅಜ್ಜಿ!" ನನಗೆ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ. ನಗುವ ಸದ್ದಿಗೆ ಗಾಡಿಗಳನ್ನು ಪರೀಕ್ಷೆ ಮಾಡುತ್ತಿದ್ದ ಎಂಜಿನಿಯರು ಬಂದರು. ತಲೆ ನರೆತ ಮನುಷ್ಯ. ಹಾಳೆಯನ್ನು ನಿಂತಲ್ಲೇ ಪೂರ್ತಿ ಓದಿದರು. ಅವರು ನಗಲಿಲ್ಲ.

"ಗಾಡಿ ಯಾರದು?"

"ನಮ್ದೇ ಸಾರ್," ಅಂದ ಮಾಲೀಕ, ಮುಂದೆ ಬಂದು.

"ಸೀಟಿನ ಒಳಗಡೆ ಹೊಲಿಗೆ ಎಷ್ಟಿದೆ?"

"ಸೀಟು... ಕಂಪ್ನಿ ಸೀಟು ಸಾರ್ ಅದು."

ಎಂಜಿನಿಯರು ಗಾಡಿಯ ಹತ್ತಿರ ಹೋಗಿ ಸೀಟು ಎತ್ತಿ ನೋಡಿದರು. ಬೆರಳು ಎತ್ತಿ ತೋರಿಸಿದರು: ಒಂದು, ಎರಡು, ಮೂರು. ಟ್ಯಾಂಕಿನ ನೆಗ್ಗು ಸವರಿದರು. ಆಮೇಲೆ ಮೊಮ್ಮಗನ ಜೊತೆ ಬಗ್ಗಿ ಕೂತು, ಈ ಬೆಸುಗೆ ಯಾಕೆ ಇಲ್ಲಿ, ಚೈನು ಯಾಕೆ ಇಷ್ಟು ಉದ್ದ, ಅಂತ ಬಹಳ ಹೊತ್ತು ಕೇಳಿದರು. ಹುಡುಗ ಎಲ್ಲದಕ್ಕೂ ಉತ್ತರ ಹೇಳಿದ. ಕೊನೆಗೆ ಎಂಜಿನಿಯರು ಎದ್ದು ಮೇಜಿನವನಿಗೆ, "ಬ್ರೇಕು, ಬೆಸುಗೆ ಎಲ್ಲ ಸರಿ ಇದೆ. 'ಮಾಡಿದವರು' ಅನ್ನೋ ಮನೆಯಲ್ಲಿ ಈ ಹುಡುಗನ ಹೆಸರು ಬರಿ," ಅಂದರು. ನನ್ನ ಕಡೆ ತಿರುಗಿ, "ಅಮ್ಮ, ಈ ಹಾಳೆ ನಮ್ಮ ಫೈಲಿನಲ್ಲೇ ಇರುತ್ತೆ," ಅಂದರು.

"ಒರೆಸಲ್ಲ ತಾನೆ?" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಆದರೂ ಇಲ್ಲ ಅಂದರು.

ಮಾಲೀಕ ಹೋಗುವಾಗ ಮೊಮ್ಮಗನಿಗೆ, "ನಾಳೆಯಿಂದ ಬರ್ಬ್ಯಾಡ," ಅಂದು ಹೋದ. ಹೋಗಲಿ.

ಓಟದ ಬಗ್ಗೆ ನಾನೇನು ಹೇಳಲಿ? ಬಾವುಟ ಇಳಿಯಿತು, ಹೊಗೆ ಎದ್ದಿತು, ಪಕ್ಕದ ಗಾಡಿಯ ಮುಂದಿನ ಚಕ್ರ ಕುದುರೆ ಕಾಲೆತ್ತಿದ ಹಾಗೆ ಮೇಲೆದ್ದಿತು. ನಮ್ಮದು ಏಳಲಿಲ್ಲ. ಹುಡುಗ ಟ್ಯಾಂಕಿನ ಮೇಲೆ ಹೊಟ್ಟೆ ಊರಿ, ಗಾಡಿಯ ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ ಬಾಗಿದ್ದ. ನನ್ನ ಮಗಳು ಕಣ್ಣು ಮುಚ್ಚಿಕೊಂಡು ನನ್ನ ತೋಳು ಚಿವುಟುತ್ತಿದ್ದಳು. ಒಂದೊಂದೇ ಸುತ್ತು ಗೆಲ್ಲುತ್ತಾ ಹೋದ. ಕೊನೆಯದರಲ್ಲಿ ಒಂದು ಚಕ್ರದಷ್ಟು ದೂರದಲ್ಲಿ ಸೋತ. ಆಗ ಮೈಕಿನಲ್ಲಿ ಕೂಗಿದರು. ಎರಡನೇ ಸ್ಥಾನ, ಓಡಿಸಿದವರು ಇಂಥವರು. ಗಾಡಿ ಮಾಡಿದವರು, ಅದೇ ಇಂಥವರು. ನನಗೆ ಎರಡನೇ ಸಲ ಕೇಳಿಸಿತು, ಪೂರ್ತಿಯಾಗಿ ಕೇಳಿಸಿತು. ನಾನು ಯಾರ ಹತ್ತಿರವೋ ಕುರ್ಚಿ ಕಿತ್ತುಕೊಂಡು ಕೂತುಬಿಟ್ಟೆ.

ಸಂಜೆ ಚೇಳೂರು ಸೇರಿದಾಗ ಇನ್ನೂ ಬೆಳಕಿತ್ತು. ಮಗಳು ನಾಟಿ ಕೋಳಿ ಸಾರಿಗೆ ಇಟ್ಟಳು, ನಾನು ಖಾರ ಅರೆದೆ. ಅವರ ಮನೆಯಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು ಉಣ್ಣುವುದು. ಅವತ್ತು ಮೊಮ್ಮಗ ಕೇಳಲಿಲ್ಲ. ಮುದ್ದೆ ಪಾತ್ರೆ, ಸಾರಿನ ಪಾತ್ರೆ ಎಲ್ಲ ನಡುಮನೆಗೆ ತಂದಿಟ್ಟು ಅವರವ್ವನನ್ನು ಕೈ ಹಿಡಿದು ಕೂರಿಸಿದ. ನಾಲ್ಕೂ ಜನ ಸುತ್ತ ಕೂತೆವು.

"ನಾಳೆಯಿಂದ ಕೆಲ್ಸಕ್ಕೇನ್ ಮಾಡೀಯಪ್ಪ?" ಅಂದಳು ಮಗಳು.

ಅಳಿಯ ಮುದ್ದೆ ಮುರಿಯುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದ. "ಕಾಯಿ ಶೆಡ್ಡು ಪೂರ್ತಿ ಖಾಲಿ ಮಾಡ್ಕೊಡ್ತೀನಿ. ಕಾಯಿ ಜಗಲಿ ಮ್ಯಾಲಿದ್ರೆ ಏನ್ ಕೊಳ್ತೋಯ್ತವಾ? ಅಲ್ಲೇ ಮಾಡ್ಕಳ್ಲಿ, ಏನ್ ಮಾಡ್ತಾನೋ."

ಮೊಮ್ಮಗ ಬಾಯಿಗೆ ತುತ್ತು ಇಟ್ಟುಕೊಂಡ ಹಾಗೇ ಅಪ್ಪನನ್ನೇ ನೋಡುತ್ತಿದ್ದ. ಆಮೇಲೆ ಅವರವ್ವನ ಕಡೆ ತಿರುಗಿ, "ಸಾರು ಬಲು ಚೆನ್ನಾಗದೆ ಕಣವ್ವ. ಯಾವ್ ಕಂಪ್ನಿದು?" ಅಂದ.

"ನಂದು ಕಣ್ಲಾ," ಅಂದಳು ನನ್ನ ಮಗಳು. "ಮುಚ್ಕಂಡ್ ಉಣ್ಣು."

ಅಳಿಯನಿಗೆ ನಗು ತಡೆಯಲಾಗದೆ ನೆತ್ತಿಗೆ ಹತ್ತಿತು. ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, ನನ್ನ ಮುದ್ದೆಗೆ ಕೈ ಹಾಕಿದೆ.